ಹೊಗೆಯಲ್ಲಿ ಸಾಯದ ಗಿಳಿ

ತಕ್ಕಡಿಯ ಮುಳ್ಳು ತೊಂಬತ್ತಾರರ ಹತ್ತಿರ ನಿಂತಿತು.

ಡಾಕ್ಟರ್ ಯಮುನಾ ಬಗ್ಗಿ ಇನ್ನೊಮ್ಮೆ ನೋಡಿದರು. ಟವೆಲಿನಲ್ಲಿ ಸುತ್ತಿದ್ದ ಗಿಳಿ ಒದ್ದಾಡಲಿಲ್ಲ. ಅದೇ ಅವರನ್ನು ಹೆಚ್ಚು ಹೆದರಿಸಿತು. ನಾಲ್ಕು ದಿನದ ಹಿಂದೆ ಇದೇ ಹಕ್ಕಿ ಅವರ ಹೆಬ್ಬೆರಳನ್ನು ರಕ್ತ ಬರುವಂತೆ ಕಚ್ಚಿತ್ತು.

"ಎಷ್ಟು?" ಬಾಗಿಲಲ್ಲಿ ನಿಂತಿದ್ದ ಸಬ್ ಇನ್ಸ್‌ಪೆಕ್ಟರ್ ಹನುಮಂತರಾಜು ಕೇಳಿದರು.

"ತೊಂಬತ್ತಾರು ಗ್ರಾಂ. ಬಂದ ದಿನ ನೂರಿಪ್ಪತ್ತೆರಡಿತ್ತು."

"ಅಂದ್ರೆ?"

"ಅಂದ್ರೆ ಇವತ್ತೂ ಏನೂ ತಿನ್ನದಿದ್ರೆ ನಾಳೆ ನಿಮಗೆ ಸಾಕ್ಷಿ ಇರಲ್ಲ ಸರ್."

ಯಮುನಾ ಗಿಳಿಯನ್ನು ಗೂಡಿಗೆ ಬಿಟ್ಟರು. ಅದು ಕೋಲಿನ ಮೇಲೆ ಕೂತು, ಮೈಯ ಗರಿಗಳನ್ನೆಲ್ಲ ಉಬ್ಬಿಸಿಕೊಂಡು ಕಣ್ಣು ಅರ್ಧ ಮುಚ್ಚಿತು. ಉಸಿರಾಡುವಾಗಲೆಲ್ಲ ಬಾಲ ಮೇಲೆ ಕೆಳಗೆ ಆಡುತ್ತಿತ್ತು. ಎದೆಯ ಮೇಲೆ ಒಂದು ರೂಪಾಯಿಯಷ್ಟು ಅಗಲ ಚರ್ಮ ಬೋಳಾಗಿತ್ತು. ಅಲ್ಲಿನ ಗರಿಗಳನ್ನು ಅದೇ ಕಿತ್ತುಹಾಕಿತ್ತು.

ಸಂಪಿಗೆ ಊರಿನ ದಾರಿಯ ತೆಂಗಿನ ತೋಟದ ಕೋಣೆಯಲ್ಲಿ, ಒಳಗಿನಿಂದ ಚಿಲಕ ಹಾಕಿದ ಬಾಗಿಲ ಹಿಂದೆ, ಹುಚ್ಚರಂಗಯ್ಯ ಸತ್ತು ಸಿಕ್ಕಿದ್ದು ಬುಧವಾರ ಬೆಳಿಗ್ಗೆ. ಮಂಚದ ಪಕ್ಕದಲ್ಲಿ ತೆಂಗಿನ ಚಿಪ್ಪಿನ ಕೆಂಡ ಆರಿದ ಅಗ್ಗಿಷ್ಟಿಕೆ ಇತ್ತು. ಕಿಟಕಿಗೆ ಗೋಣಿಚೀಲ ತುರುಕಿತ್ತು. ತಲೆಯ ಮೇಲಿನ ಕೊಕ್ಕೆಯಲ್ಲಿ ಈ ಗೂಡು ತೂಗುತ್ತಿತ್ತು. ಡಿಸೆಂಬರ್ ಚಳಿಗೆ ಕೆಂಡ ಇಟ್ಟುಕೊಂಡು ಮಲಗಿದ, ಹೊಗೆಗೆ ಸತ್ತ ಎಂದು ಊರೆಲ್ಲ ಅಂದಿತು. ಇಲ್ಲ ಎಂದವರು ಯಮುನಾ ಒಬ್ಬರೇ.

"ನಾಳೆ ಬೆಳಿಗ್ಗೆ ಫೈಲು ಮುಚ್ಚಿ ಕಳಿಸು ಅಂತ ಸರ್ಕಲ್ ಸಾಹೇಬ್ರು ಹೇಳಿದಾರೆ," ಹನುಮಂತರಾಜು ಹೇಳಿದರು. "ಗಿಣಿ ಸಾಕೋದೇ ಅಪರಾಧ, ಅರಣ್ಯ ಇಲಾಖೆಗೆ ಒಪ್ಪಿಸು ಅಂತಾನೂ ಹೇಳಿದಾರೆ. ಗಿಣಿ ಮಾತು ಕೇಳಿ ಕೊಲೆ ಕೇಸು ಹಾಕ್ತೀಯಾ ಅಂತ ನಕ್ಕರು ಡಾಕ್ಟ್ರೇ."

"ಇದು ಮಾತೇ ಆಡಲ್ಲ ಸರ್. ಬಂದಾಗಿಂದ ಒಂದು ಅಕ್ಷರ ಆಡಿಲ್ಲ. ನಾನು ಹೇಳ್ತಿರೋದು ಅದರ ಶ್ವಾಸಕೋಶದ ವಿಚಾರ."

ಅವರು ಬುಧವಾರ ಹೇಳಿದ್ದನ್ನೇ ಮತ್ತೆ ಹೇಳಿದರು. ಕಾಲೇಜಿನಲ್ಲಿ ಓದುವಾಗ ಒಂದು ಕೋಳಿ ಫಾರಂ ನೋಡಿದ್ದರು. ಮರಿಗಳಿಗೆ ಬೆಚ್ಚಗಿರಲಿ ಎಂದು ಯಾರೋ ಶೆಡ್ಡಿನೊಳಗೆ ಇದ್ದಿಲು ಹಚ್ಚಿ ಬಾಗಿಲು ಹಾಕಿದ್ದರು. ಬೆಳಿಗ್ಗೆ ಮರಿಗಳೆಲ್ಲ ಸತ್ತಿದ್ದವು. ಅದೇ ಶೆಡ್ಡಿನಲ್ಲಿ ಮಲಗಿದ್ದ ಕಾವಲುಗಾರನಿಗೆ ಬರೀ ತಲೆನೋವು. ಕೆಂಡದಿಂದ ಬರುವ ವಿಷಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮನುಷ್ಯ ಬೀಳುವುದಕ್ಕೆ ಬಹಳ ಮೊದಲೇ ಹಕ್ಕಿ ಬೀಳುತ್ತದೆ.

"ಹುಚ್ಚರಂಗಯ್ಯನವರು ಸಾಯೋ ಹೊತ್ತಿಗೆ ಈ ಗೂಡು ಆ ಕೋಣೆಯಲ್ಲಿ ಇರಲಿಲ್ಲ. ಆಮೇಲೆ ಯಾರೋ ತಂದು ನೇತು ಹಾಕಿದಾರೆ."

"ತಂದವರು ಯಾರು ಅನ್ನೋದೇ ಈಗ ಬೇಕಾಗಿರೋದು."

"ಹೊಸಬರು ಗೂಡು ಮುಟ್ಟಿದ್ರೆ ಇದು ಬೀದಿಗೆಲ್ಲ ಕೇಳೋ ಹಾಗೆ ಕಿರುಚುತ್ತೆ. ಹುಚ್ಚರಂಗಯ್ಯನವರ ತಮ್ಮನ ಮನೆ ಅಲ್ಲಿಂದ ನೂರು ಹೆಜ್ಜೆ. ಆ ಬೆಳಿಗ್ಗೆ ಕೂಗು ಕೇಳಿದವರು ಯಾರೂ ಇಲ್ಲ. ತಂದವರನ್ನ ಇದು ನಂಬುತ್ತೆ ಸರ್. ಅವರು ಎದುರಿಗೆ ಬಂದ್ರೆ ಇದೇ ತೋರಿಸುತ್ತೆ."

ಹಾಗಾಗಿಯೇ ಆ ತೋಟಕ್ಕೆ ಹೋಗಿಬರುವವರನ್ನು ಒಬ್ಬೊಬ್ಬರಾಗಿ ತುರುವೇಕೆರೆಯ ಈ ಪಶು ಆಸ್ಪತ್ರೆಗೆ ಕರೆಸಲಾಗುತ್ತಿತ್ತು. ನಿನ್ನೆ ಕೊಬ್ಬರಿ ವ್ಯಾಪಾರಿ ರಂಗನಾಥ್ ಬಂದಿದ್ದ. ಆ ತೋಟದ ಕಡೆ ತಲೆ ಹಾಕಿ ತಿಂಗಳಾಯಿತು ಎಂದಿದ್ದ. ಅವನು ಹತ್ತಿರ ಹೋದೊಡನೆ ಗಿಳಿ ಇದ್ದ ಅಲ್ಪ ಶಕ್ತಿಯಲ್ಲೇ ಕಿರುಚಿತ್ತು.

ಇವತ್ತು ಇಬ್ಬರು ಬಾಕಿ. ಸತ್ತವನ ತಮ್ಮ ಬೆಟ್ಟಸ್ವಾಮಿ ಬಂದು ವರಾಂಡದ ಬೆಂಚಿನಲ್ಲಿ ಕೂತಿದ್ದ.

"ನಮ್ಮಣ್ಣನ ತಿಥಿಗೆ ಅಣಿ ಮಾಡೋದು ಬುಟ್ಟು ಗಿಣಿ ಮುಂದೆ ಕೂರಿಸ್ತೀರಲ್ಲ ಸಾಹೇಬ್ರೆ," ಎಂದು ಗೊಣಗುತ್ತಲೇ ಒಳಗೆ ಬಂದ.

"ನೇರವಾಗಿ ದಿಟ್ಟಿಸಬೇಡಿ," ಯಮುನಾ ಹೇಳಿದರು. "ಪಕ್ಕಕ್ಕೆ ತಿರುಗಿ ಕೂರಿ. ಹದ್ದು, ಬೆಕ್ಕು ಹಾಗೆ ನೋಡೋದು. ಅದಕ್ಕೆ ಭಯ ಆಗುತ್ತೆ."

ಬೆಟ್ಟಸ್ವಾಮಿ ಕೂತ. ಗಿಳಿಯ ಉಬ್ಬಿದ ಗರಿಗಳು ಒಮ್ಮೆಲೇ ಮೈಗಂಟಿದವು. ಅದು ಕಡ್ಡಿಯ ಹಾಗೆ ತೆಳ್ಳಗಾಗಿ ಗೂಡಿನ ಹಿಂದಿನ ಸರಳಿಗೆ ಒತ್ತಿಕೊಂಡಿತು. ಅವನು ಕೈ ಎತ್ತಿದಾಗ ಕೊಕ್ಕು ತೆರೆದು ಮುನ್ನುಗ್ಗಿತು.

"ಮುಂಚಿಂದಾನೂ ಹಿಂಗೇ ಕಣ್ರೀ. ನಮ್ಮಣ್ಣನ್ನ ಬುಟ್ರೆ ಯಾರನ್ನೂ ಸೇರ್ಸಕಿಲ್ಲ. ನಮ್ಮನೇರು ನೀರಿಡಕ್ಕೂ ಹೆದರ್ತಿದ್ರು."

ಯಮುನಾ ಪೊಲೀಸರತ್ತ ನೋಡಿ ತಲೆಯಾಡಿಸಿದರು. ಇವನಲ್ಲ. ಆದರೆ ಆ ಭಯ ಮತ್ತೆ ಹಕ್ಕಿಯ ಮೈಯಿಂದ ಎಷ್ಟು ಶಕ್ತಿ ಹೀರಿತೋ. ಈ ನಾಲ್ಕು ದಿನ ಅವರು ಮಾಡದ ಉಪಾಯವಿರಲಿಲ್ಲ. ಗೂಡಿನ ಬೆನ್ನು ಗೋಡೆಗೆ ಬರುವಂತೆ ಮೂಲೆಯಲ್ಲಿಟ್ಟು ಅರ್ಧಕ್ಕೆ ಬಟ್ಟೆ ಮುಚ್ಚಿದ್ದರು. ಗಿಳಿಗಳು ಗುಂಪಿನಲ್ಲಿ ಉಣ್ಣುವ ಜೀವಗಳೆಂದು ತಮ್ಮ ತಟ್ಟೆಯನ್ನೂ ಅಲ್ಲಿಗೇ ತಂದು, ಅದಕ್ಕೆ ಕಾಣುವಂತೆ ಉಂಡಿದ್ದರು. ಸೀಬೆ, ಹಸಿಮೆಣಸಿನಕಾಯಿ, ನೆನೆಸಿದ ಕಡಲೆ ಎಲ್ಲವೂ ಬಟ್ಟಲಲ್ಲಿ ಹಾಗೇ ಒಣಗಿದವು. ಗ್ಲೂಕೋಸ್ ನೀರನ್ನು ಹನಿಹನಿಯಾಗಿ ಬಾಯಿಗೆ ಬಿಟ್ಟದ್ದರಿಂದ ಇಷ್ಟು ದಿನ ಉಳಿದಿತ್ತು.

ಹತ್ತು ಗಂಟೆಯ ಹೊತ್ತಿಗೆ ಕಾನ್‌ಸ್ಟೇಬಲ್ ತಿಪ್ಪಯ್ಯ ಬಸ್ ಸ್ಟಾಂಡಿನಿಂದ ಒಬ್ಬ ಹೆಂಗಸನ್ನು ಕರೆತಂದ.

ಹೊಂಬಾಳಮ್ಮನಿಗೆ ನಲವತ್ತು ದಾಟಿರಲಿಲ್ಲ. ಗಂಡ ಸತ್ತು ಎಂಟು ವರ್ಷವಾಗಿತ್ತು. ಅಟ್ಟದಿಂದ ಕಾಯಿ ಇಳಿಸಿ ಕೊಬ್ಬರಿ ಒಡೆಯುವ ಕಾಲಕ್ಕೆ ಆ ತೋಟಕ್ಕೆ ಕೂಲಿಗೆ ಬರುತ್ತಿದ್ದವಳು. ಬಾಗಿಲ ಹೊರಗೇ ಚಪ್ಪಲಿ ಬಿಟ್ಟು, ಸೆರಗು ಹೊದ್ದು, ಬಾಗಿಲಿಗೆ ಒರಗಿ ನಿಂತಳು.

"ಹುಚ್ಚರಂಗಯ್ಯನ ಕೋಣೆಗೆ ಹೋಗ್ತಿದ್ಯಾ?" ಹನುಮಂತರಾಜು ಕೇಳಿದರು.

"ಇಲ್ಲ ಸ್ವಾಮಿ. ಕಣದಾಗೆ ಕೆಲಸ. ಆ ಹೊಸಲು ದಾಟಿಲ್ಲ."

"ಈ ಗಿಣಿ ಗೊತ್ತಾ?"

"ದೂರದಿಂದ ಕಂಡಿವ್ನಿ."

ಆ ದನಿ ಗೂಡಿಗೆ ತಲುಪಿತು.

ಗಿಳಿ ಕಣ್ಣು ಬಿಟ್ಟಿತು. ಕೋಲಿನ ಮೇಲೆ ಒಂದೊಂದೇ ಹೆಜ್ಜೆಯಿಟ್ಟು ಮುಂದೆ ಬಂದು ಸರಳಿಗೆ ಮುಖ ಹಚ್ಚಿತು. ಅದರ ಕಣ್ಣಪಾಪೆ ಸಾಸಿವೆಯಷ್ಟು ಚಿಕ್ಕದಾಯಿತು, ಅರಳಿತು, ಮತ್ತೆ ಚಿಕ್ಕದಾಯಿತು. ರೆಕ್ಕೆಗಳನ್ನು ಭುಜದ ಹತ್ತಿರ ಸ್ವಲ್ಪ ಎತ್ತಿ, ಕತ್ತನ್ನು ಮೇಲೆ ಕೆಳಗೆ ಆಡಿಸತೊಡಗಿತು. ಗಂಟಲಿನಿಂದ ಏನನ್ನೋ ಎಳೆದು ತರುವಂತೆ ಕೊಕ್ಕು ತೆರೆಯಿತು.

"ವಾಂತಿ ಮಾಡ್ತದಾ?" ತಿಪ್ಪಯ್ಯ ಕೇಳಿದ.

"ಅಲ್ಲ." ಯಮುನಾ ಹೇಳಿದರು. "ಗಂಡು ಗಿಳಿ ತನ್ನ ಜೊತೆಯವಳಿಗೆ ಉಣ್ಣಿಸೋದು ಹೀಗೆ. ತಿಂದದ್ದನ್ನ ಮೇಲಕ್ಕೆ ತಂದು ಬಾಯಿಗೆ ಕೊಡುತ್ತೆ. ಪ್ರಾಣಕ್ಕೆ ಪ್ರಾಣವಾದವರಿಗೆ ಮಾತ್ರ."

ಆದರೆ ಮೇಲೆ ತರಲು ಅದರ ಹೊಟ್ಟೆಯಲ್ಲಿ ಏನೂ ಇರಲಿಲ್ಲ. ಗಿಳಿ ಮತ್ತೆ ಮತ್ತೆ ಕತ್ತಾಡಿಸಿತು. ಕೊಕ್ಕಿನ ತುದಿಯಲ್ಲಿ ಒಂದು ಹನಿ ಜೊಲ್ಲು ಮಾತ್ರ ನಿಂತಿತು.

ಹೊಂಬಾಳಮ್ಮ ತಡೆದುಕೊಳ್ಳಲು ನೋಡಿದಳು. ಆಗಲಿಲ್ಲ.

"ಯಾಕೆ ಹಿಂಗೆ ಒಣಗ್ದೆ ದೊರೇ," ಎಂದು ಗೂಡಿನ ಮುಂದೆ ಕೂತುಬಿಟ್ಟಳು. ಸೆರಗಿನ ಗಂಟು ಬಿಚ್ಚಿ, ನೆನೆಸಿದ ಕಡಲೇಬೀಜ ತೆಗೆದು ಸರಳಿನ ಸಂದಿಯಲ್ಲಿ ಹಿಡಿದಳು.

ಗಿಳಿ ಅದನ್ನು ಮೆಲ್ಲಗೆ ತೆಗೆದುಕೊಂಡಿತು. ಒಂದು ಕಾಲಿನಲ್ಲಿ ಹಿಡಿದು ಕಚ್ಚಿತು. ನುಂಗಿತು. ಇನ್ನೊಂದಕ್ಕೆ ಕತ್ತು ಚಾಚಿತು.

ಯಮುನಾ ಕುರ್ಚಿಯ ಮೇಲೆ ಕೂತರು. ನಾಲ್ಕು ದಿನದಲ್ಲಿ ಮೊದಲ ತುತ್ತು. ಅವರಿಗೆ ಅಳು ಬಂದಂತಾಯಿತು.

ಹನುಮಂತರಾಜು ಮಾತ್ರ ಹೆಂಗಸಿನ ಮುಖವನ್ನೇ ನೋಡುತ್ತಿದ್ದರು.

"ಹೊಸಲು ದಾಟದವಳಿಗೆ ಇದರ ಹೆಸರು ದೊರೆ ಅಂತ ಹೆಂಗೆ ಗೊತ್ತಮ್ಮ?"

ಹೊಂಬಾಳಮ್ಮ ಇನ್ನೊಂದು ಬೀಜವನ್ನು ಸರಳಿನ ಸಂದಿಗೆ ಹಿಡಿದಳು.

"ಸುಳ್ಳು ಹೇಳಿದ್ರೆ ನಾಳೆ ಫೈಲು ಮುಚ್ಚಿ ಹೋಗ್ತದೆ. ಅವರು ಹೆಂಗೆ ಸತ್ತರು ಅಂತ ಯಾರೂ ಕೇಳಲ್ಲ. ನಿಂಗೆ ಅದು ಸರಿಯಾ?"

ಆಕೆ ಮುಖ ಒರೆಸಿಕೊಂಡಳು.

"ಮೂರು ವರ್ಸದಿಂದ ಗೊತ್ತು ಸ್ವಾಮಿ. ತಿಪಟೂರು ಸಂತೆಗೆ ಹೋಗೋ ದಿನ ಇದನ್ನ ನಮ್ಮನೇಲಿ ಬುಟ್ಟು ಹೋಗೋರು. ಯಾರಿಗೂ ಕಾಣದಂಗೆ ಪಂಚೆ ಮುಚ್ಚಿ ತರೋರು."

ವರಾಂಡದಿಂದ ಬೆಟ್ಟಸ್ವಾಮಿ ಒಳಗೆ ಬಂದ. ಅವನ ಮುಖ ಕಪ್ಪಿಟ್ಟಿತ್ತು. "ನಮ್ಮಣ್ಣ ಮಾನವಂತ. ಇವಳ ಮಾತು ನಂಬಬ್ಯಾಡಿ ಸಾಹೇಬ್ರೆ. ಸತ್ತೋರ ಮೇಲೆ ಏನು ಬೇಕಾದ್ರೂ ಹೇಳಬೌದು."

ಹೊಂಬಾಳಮ್ಮ ಅವನ ಕಡೆ ತಿರುಗಿದಳು. ದನಿ ಏರಲಿಲ್ಲ.

"ಮಾನ ಹೋಗೋ ಕೆಲಸ ಇಬ್ರೂ ಮಾಡಿಲ್ಲ ಕಣಪ್ಪ. ಅವ್ರು ಹೆಂಡ್ತಿ ಕಳಕಂಡು ಹತ್ತು ವರ್ಸ, ನಾನು ಗಂಡನ್ನ ಕಳಕಂಡು ಎಂಟು ವರ್ಸ. ಸಂಕ್ರಾಂತಿ ಆಗ್ಲಿ, ತಮ್ಮನ ಮುಂದೆ ಮಾತೆತ್ತಿ ತಾಳಿ ಕಟ್ತೀನಿ ಅಂದಿದ್ರು. ಅಲ್ಲೀಗಂಟ ನಾನು ಬಾಯಿ ಬಿಡಂಗಿರ್ಲಿಲ್ಲ."

ಬೆಟ್ಟಸ್ವಾಮಿ ನಿಧಾನಕ್ಕೆ ಗೋಡೆ ಹಿಡಿದು ನಿಂತ.

"ಮಂಗಳವಾರ ಏನಾಯ್ತು?" ಹನುಮಂತರಾಜು ಕೇಳಿದರು.

"ದೀಪ ಹಚ್ಚೋ ಹೊತ್ಗೆ ಗೂಡು ತಂದ್ರು. ಕೋಣೆಗೆ ಒಬ್ರು ಬತ್ತಾರೆ, ಮಾತು ಬಾಳ ಐತೆ, ಇದು ಹೊಸಬರನ್ನ ಕಂಡ್ರೆ ಕಿರುಚ್ತದೆ. ಬೆಳಕು ಹರಿಯೋ ಹೊತ್ಗೆ ತಂದ್ಬುಡು ಅಂದ್ರು."

"ಯಾರು ಬರ್ತಾರೆ ಅಂತ ಕೇಳಲಿಲ್ವಾ?"

"ಕೇಳ್ದೆ. ಬೆಳಿಗ್ಗೆ ಹೇಳ್ತೀನಿ ಅಂದ್ರು. ಮುಖ ಯಾಕೋ ಬಾಡಿತ್ತು."

"ಬೆಳಿಗ್ಗೆ?"

"ಇನ್ನೂ ಮಂಜು ಇತ್ತು. ಬಾಗ್ಲು ಬರೀ ಮುಂದಕ್ಕೆ ಎಳೆದಿತ್ತು. ತಳ್ಳಿದೆ. ಮಲಗವ್ರೆ ಅಂತ ಸದ್ದಿಲ್ಲದಂಗೆ, ಪಂಚೆ ಮುಚ್ಚಿದಂಗೇ ಗೂಡು ಕೊಕ್ಕೆಗೆ ಹಾಕಿದೆ. ಎಬ್ಬಿಸಾಣ ಅಂತ ಕಾಲು ಮುಟ್ದೆ." ಆಕೆ ತನ್ನ ಅಂಗೈಯನ್ನೇ ನೋಡಿಕೊಂಡಳು. "ಕಲ್ಲು ಮುಟ್ಟಿದಂಗಾಯ್ತು. ನಂಗೆ ಬುದ್ಧಿ ನೆಟ್ಟಗಿರ್ಲಿಲ್ಲ ಸ್ವಾಮಿ. ಕಂಡ್ರೆ ನನ್ನ ಮೇಲೇ ಬತ್ತದೆ, ವಯಸ್ಸಿಗೆ ಬಂದ ಮಗಳವ್ಳೆ ಅಂತ ಓಡ್ದೆ."

"ಬಾಗಿಲು ಏನು ಮಾಡಿದೆ?"

"ಹಂಗೇ ಎಳಕಂಡು ಬಂದೆ."

"ಚಿಲಕ?"

"ಹೊರಗೆ ನಿಂತ್ಕಂಡು ಒಳಗಿನ ಚಿಲಕ ಹೆಂಗೆ ಹಾಕ್ಲಿ?"

ಹನುಮಂತರಾಜು ಪೆನ್ನನ್ನು ಮೇಜಿನ ಮೇಲಿಟ್ಟರು. ಬುಧವಾರ ಎಂಟು ಗಂಟೆಗೆ ಆ ಬಾಗಿಲನ್ನು ಹಾರೆ ಹಾಕಿ ಮೀಟಿದ್ದು ಸ್ವತಃ ಅವರೇ. ಚಿಲಕ ಮುರಿದು ಕೆಳಗೆ ಬಿದ್ದದ್ದನ್ನು ಕಣ್ಣಾರೆ ಕಂಡಿದ್ದರು.

"ಬೆಟ್ಟಸ್ವಾಮಿ, ಆ ಕೋಣೆಯ ಅಟ್ಟಕ್ಕೆ ಕಾಯಿ ತುಂಬೋದು ಎಲ್ಲಿಂದ?"

"ಹೊರಗಡೆಯಿಂದ ಸಾರ್. ಹಿಂದಿನ ಗೋಡೇಲಿ ಒಂದು ಕಿಂಡಿ ಐತೆ. ಆಳು ತೂರೋವಷ್ಟು. ಹಲಗೆ ಮುಚ್ಚಿರ್ತೀವಿ."

"ಒಳಗಿಂದ?"

"ಏಣಿ ಐತೆ. ಮೇಲೆ ಹೋಗೋ ಬಾಯಿಗೂ ಹಲಗೆ."

ಗಿಳಿ ಕಡಲೇಬೀಜ ಕಡಿಯುವ ಸಣ್ಣ ಸದ್ದು ಮಾತ್ರ ಕೇಳುತ್ತಿತ್ತು.

"ಹಾಗಾದ್ರೆ ನೀನು ಗೂಡು ನೇತು ಹಾಕೋವಾಗ ಕೊಂದವನು ಒಳಗೇ ಇದ್ದ," ಹನುಮಂತರಾಜು ನಿಧಾನವಾಗಿ ಹೇಳಿದರು. "ಸತ್ತರೋ ಇಲ್ಲವೋ ನೋಡೋಕೆ ಬಂದಿದ್ದ. ನಿನ್ನ ಹೆಜ್ಜೆ ಸದ್ದು ಕೇಳಿ ಅಟ್ಟ ಹತ್ತಿದ. ನೀನು ಹೋದ್ಮೇಲೆ ಇಳಿದು ಚಿಲಕ ಹಾಕಿ, ಕಿಂಡಿಯಿಂದ ಆಚೆ ಹೋದ."

ಹೊಂಬಾಳಮ್ಮ ಗೋಡೆಗೆ ಒರಗಿದಳು. "ಹಂಗಾದ್ರೆ ನನ್ನ ನೋಡವ್ನೆ."

"ನೋಡಿದಾನೆ. ಇನ್ನು ಮೇಲೆ ನೀನು ಒಬ್ಬಳೇ ಓಡಾಡಬಾರದು. ಅವತ್ತು ಅಲ್ಲಿ ಏನಾದ್ರೂ ಬಿಟ್ಟು ಬಂದ್ಯಾ?"

"ಇದರ ಚಿಪ್ಪಿನ ಬಟ್ಲು ಬಿದ್ದೋಗಿತ್ತು. ಆಮೇಲೆ ನೀವೇ ಕಳಿಸಿದ್ರಲ್ಲ."

"ಯಾವ ಬಟ್ಟಲು?"

"ಇವತ್ತು ಬೆಳಿಗ್ಗೆ ಬಾಗ್ಲು ತೆಗೆದ್ರೆ ಜಗಲಿ ಮೇಲಿತ್ತು. ಕಡ್ಲೇಬೀಜ ನೆನೆಸಿ ತುಂಬ ಇಟ್ಟಿದ್ರು. ಗಿಣಿ ಏನೂ ತಿಂತಿಲ್ಲ ಅಂತ ನಿನ್ನೆ ಪೊಲೀಸಪ್ಪ ಹೇಳಿದ್ರು. ಇದನ್ನ ತಗಂಡು ಬಾ ಅಂತ ಸ್ಟೇಷನ್ನೋರೇ ಇಟ್ಟು ಹೋಗವ್ರೆ ಅಂದ್ಕಂಡೆ. ನಿಮಗೆ ಗೊತ್ತಾಗೈತೆ ಅಂತ ಹೆದರಿಕೆ ಇತ್ತು, ಆದ್ರೂ ಮಗಳನ್ನ ನೆನೆದು ಒಪ್ಕಳ್ಳಲಿಲ್ಲ."

ಹನುಮಂತರಾಜು ತಿಪ್ಪಯ್ಯನತ್ತ ತಿರುಗಿದರು.

"ನಾನಿಟ್ಟಿಲ್ಲ ಸಾರ್. ಬರೀ ಮಾತು ಹೇಳಿ ಬಂದೆ."

"ಎಲ್ಲಿ ನಿಂತು ಹೇಳಿದೆ?"

"ಹೋಟ್ಲು ಮುಂದೆ ಸಾರ್. ಊರೋರು ಹತ್ತಾರು ಜನ ಇದ್ರು."

ಕೋಣೆಯಲ್ಲಿ ಸಿಕ್ಕ ವಸ್ತುಗಳ ಪಟ್ಟಿ ಹನುಮಂತರಾಜು ಅವರಿಗೆ ಬಾಯಿಪಾಠವಾಗಿತ್ತು. ಅದರಲ್ಲಿ ಬಟ್ಟಲು ಇರಲಿಲ್ಲ. ಆಕೆ ಓಡಿದ ಮೇಲೆ, ಪೊಲೀಸರು ಬರುವ ಮುಂಚೆ ಅದನ್ನು ಎತ್ತಿಕೊಳ್ಳಲು ಸಾಧ್ಯವಿದ್ದವನು ಒಬ್ಬನೇ, ಅಟ್ಟದ ಮೇಲೆ ಅಡಗಿದ್ದವನು.

ಅವರು ಅದನ್ನು ಹೇಳುವ ಮೊದಲೇ ಯಮುನಾ ಎದ್ದಿದ್ದರು. ಹೊಂಬಾಳಮ್ಮನ ಕೈಯಲ್ಲಿದ್ದ ಬೀಜವನ್ನು ಕಿತ್ತುಕೊಂಡು ಮೂಗಿಗೆ ಹಿಡಿದರು. ಕಡಲೇಬೀಜದ ಹಸಿ ವಾಸನೆಯ ಅಡಿಯಲ್ಲಿ ಇನ್ನೊಂದು ವಾಸನೆಯಿತ್ತು. ಕಾಯಿಗೆ ನುಸಿ ಬಿದ್ದ ತೆಂಗಿನ ಬೇರಿಗೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟುವ ಕೀಟನಾಶಕ. ಆ ಸೀಮೆಯಲ್ಲಿ ಅದಿಲ್ಲದ ತೋಟವೇ ಇರಲಿಲ್ಲ.

"ನಿಮಗೆ ವಾಸನೆ ಬರ್ಲಿಲ್ವಾ?"

"ಬಂತವ್ವ. ದಿನಾ ತೋಟದಾಗೆ ಇರೋ ಕೈ, ನನ್ನ ಕೈದೇ ಅಂದ್ಕಂಡೆ."

ಗೂಡಿನಲ್ಲಿ ಗಿಳಿಯ ಕಾಲು ಕೋಲಿನಿಂದ ಜಾರಿತು. ಅದು ಕೊಕ್ಕಿನಿಂದ ಸರಳು ಕಚ್ಚಿಕೊಂಡು ನೇತಾಡಿತು.

ಯಮುನಾ ಔಷಧಿ ಬೀರುವಿನತ್ತ ಓಡಿದರು. ಇಂಥ ವಿಷ ತಿಂದ ದನಗಳಿಗೆ ಕೊಡುವ ಇಂಜೆಕ್ಷನ್ ಅಲ್ಲಿತ್ತು. ಬಾಟಲಿ ಒಡೆದರು. ಹನಿಯಷ್ಟು ಔಷಧಿಯನ್ನು ನೀರಿನಲ್ಲಿ ಬೆರೆಸಿ, ಗಿಳಿಯನ್ನು ಟವೆಲಿನಲ್ಲಿ ಹಿಡಿದು ಎದೆಯ ಸ್ನಾಯುವಿಗೆ ಚುಚ್ಚಿದರು. ಬೆರಳಿನ ಕೆಳಗೆ ಅದರ ಹೃದಯ ಎಣಿಸಲಾಗದಷ್ಟು ವೇಗವಾಗಿ ಹೊಡೆದುಕೊಳ್ಳುತ್ತಿತ್ತು.

"ಬಟ್ಟಲು ತುಂಬ ಇತ್ತು ಅಂದ್ಯಲ್ಲ," ಹನುಮಂತರಾಜು ಹೊಂಬಾಳಮ್ಮನನ್ನು ಕೇಳಿದರು. "ನೀನು ತಂದಿದ್ದು ಒಂದೇ ಹಿಡಿ. ಉಳಿದದ್ದು ಎಲ್ಲಿ?"

ಆಕೆಗೆ ಪ್ರಶ್ನೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು.

"ಮನೇಲಿ ಐತೆ. ನಮ್ಮ ವನಜಾ, ಇವತ್ತು ಭಾನುವಾರ ಕಾಲೇಜಿಲ್ಲ, ಉಪ್ಪುಕಾರ ಹಾಕಿ ಹುರಕಂಡು ತಿಂತೀನಿ..." ಮಾತು ಅಲ್ಲಿಗೇ ನಿಂತಿತು.

ಹನುಮಂತರಾಜು ಆಗಲೇ ಮೆಟ್ಟಿಲು ಇಳಿಯುತ್ತಿದ್ದರು. "ತಿಪ್ಪಯ್ಯ, ಬೆಟ್ಟಸ್ವಾಮಿ ಇಲ್ಲೇ ಇರ್ಲಿ, ನೀನೂ ಇರು. ಡಾಕ್ಟ್ರೇ, ಆ ಇಂಜೆಕ್ಷನ್ ಎಷ್ಟಿದೆಯೋ ಅಷ್ಟೂ ತಗೊಳ್ಳಿ."

ಯಮುನಾ ಟವೆಲಿನ ಗಂಟನ್ನು ತಿಪ್ಪಯ್ಯನ ಕೈಗಿಟ್ಟರು. "ಬೆಚ್ಚಗೆ ಹಿಡ್ಕೊಳ್ಳಿ. ಎದೆ ಒತ್ತಬೇಡಿ, ಉಸಿರು ಕಟ್ಟುತ್ತೆ." ಅವರು ಮತ್ತೆ ತಿರುಗಿ ನೋಡಲಿಲ್ಲ.

ಜೀಪು ಸಂಪಿಗೆ ರಸ್ತೆಗೆ ಹೊರಳಿತು. ಹೊಂಬಾಳಮ್ಮ ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ಅಳುತ್ತಿರಲಿಲ್ಲ. ರಸ್ತೆಯನ್ನೇ ನುಂಗುವಂತೆ ನೋಡುತ್ತಿದ್ದಳು.

"ಊರಲ್ಲಿ ಫೋನು ಯಾರ ಮನೇಲಿದೆ?" ಹನುಮಂತರಾಜು ಕೇಳಿದರು.

"ಯಾರ ಮನೇಲೂ ಇಲ್ಲ."

"ಪಕ್ಕದ ಮನೆಯೋರು?"

"ಎಲ್ಲ ರಾಗಿ ಕಣಕ್ಕೆ ಹೋಗವ್ರೆ." ಆಕೆ ಸ್ವಲ್ಪ ತಡೆದು ಹೇಳಿದಳು. "ಮಗಳು ಒಬ್ಳೇ ಇಲ್ಲ ಸ್ವಾಮಿ. ನಾನು ಬಸ್ಸಿಗೆ ಹೊರಡೋವಾಗ ಒಬ್ರು ಬಂದ್ರು. ಬಿಸ್ಲಲ್ಲಿ ಬಂದಿವ್ನಿ, ನೀರು ಕೊಡವ್ವ ಅಂದ್ರು. ವನಜಾ ಒಳಗೆ ಕೂರಿಸಿ ನೀರು ಕೊಡ್ತಿದ್ಲು. ನಂಗೆ ಬಸ್ ಬಂತು, ಬಂದ್ಬುಟ್ಟೆ."

"ಯಾರು?"

"ಕೊಬ್ಬರಿ ಸಾವ್ಕಾರ್ರು. ರಂಗನಾಥಪ್ಪೋರು."

ಆ ತೋಟದ ಕಡೆ ತಲೆ ಹಾಕಿ ತಿಂಗಳಾಯಿತು ಎಂದು ರಂಗನಾಥ್ ನಿನ್ನೆ ಹೇಳಿದ್ದು ಹನುಮಂತರಾಜು ಅವರಿಗೆ ನೆನಪಾಯಿತು. ಅವರ ಕಾಲು ಆಕ್ಸಿಲರೇಟರನ್ನು ತಳಮುಟ್ಟ ಒತ್ತಿದ್ದನ್ನು ಯಮುನಾ ನೋಡಿದರು.